ದೊಡ್ಡ ಅಳತೆಯ ಮುದ್ರಣ: ಎಂಥ ತಂತ್ರಾಂಶ, ಎಂಥ ಗಣಕ?

ರಸ್ತೆ ಬದಿಯ ದೊಡ್ಡ ಬ್ಯಾನರುಗಳನ್ನು ನೀವು ನೋಡಿದ್ದೀರಿ. ಅವನ್ನು ಮುದ್ರಿಸುವ ಯಂತ್ರಕ್ಕೆ ಚಿತ್ರವಾಗಲಿ ಅಕ್ಷರವಾಗಲಿ ತಿಳಿಯದು. ಯಾವ ಬಣ್ಣದ ಶಾಯಿಹನಿ ಎಲ್ಲಿ ಬೀಳಬೇಕು ಎಂಬುದಷ್ಟೇ ಅದಕ್ಕೆ ಬೇಕು. ಕಡತವನ್ನು ಹೀಗೆ ಹನಿಗಳ ನಕ್ಷೆಯಾಗಿಸುವ ತಂತ್ರಾಂಶವೇ ರಾಸ್ಟರ್ ಇಮೇಜ್ ಪ್ರೊಸೆಸರ್, ಚಿಕ್ಕದಾಗಿ ‘ರಿಪ್’.

ಈ ಕೆಲಸ ಎಷ್ಟು ದೊಡ್ಡದು? ಲೆಕ್ಕ ಹಾಕೋಣ. 10 ಅಡಿ ಉದ್ದ, 6 ಅಡಿ ಅಗಲದ ಬ್ಯಾನರಿಗೆ ಅಂಗುಲಕ್ಕೆ 150 ಬಿಂದುಗಳಂತೆ 18,000 × 10,800, ಅಂದರೆ 19 ಕೋಟಿಗೂ ಹೆಚ್ಚು ಬಿಂದುಗಳು. ಪ್ರತಿ ಬಿಂದುವಿಗೆ ಸಯಾನ್, ಮಜೆಂಟ, ಹಳದಿ, ಕಪ್ಪು ಎಂಬ ನಾಲ್ಕು ಬಣ್ಣಗಳಿಗೆ ಒಂದೊಂದು ಬೈಟ್ ಎಂದರೂ ಸುಮಾರು 78 ಕೋಟಿ ಬೈಟ್! ಆದ್ದರಿಂದ ಗಣಕ ಕೊಳ್ಳುವಾಗ 64 ಬಿಟ್ ವ್ಯವಸ್ಥೆ, ಸಾಕಷ್ಟು ರ್‍ಯಾಮ್, ವೇಗದ ಎಸ್ಎಸ್‌ಡಿ, ಬಹುಕೋರ್ ಪ್ರೊಸೆಸರ್ – ಇವುಗಳಿಗೆ ಮೊದಲ ಆದ್ಯತೆ ಕೊಡಿ.

ಬಿಂದುಗಳನ್ನು ಅಂಗುಲಕ್ಕೆ 75ಕ್ಕೆ ಇಳಿಸಿದರೆ ಮಾಹಿತಿ ಕಾಲುಭಾಗವಾಗುತ್ತದೆ. ಚಿತ್ರ ಕೆಡುವುದೇ? 10 ಮೀಟರ್ ದೂರದಿಂದ ಸುಮಾರು 3 ಮಿಲಿಮೀಟರಿಗಿಂತ ಹತ್ತಿರವಿರುವ ಬಿಂದುಗಳನ್ನು ನಮ್ಮ ಕಣ್ಣು ಬೇರ್ಪಡಿಸಲಾರದು. ಇಲ್ಲಿ ಬಿಂದುಗಳ ಅಂತರ 0.34 ಮಿಲಿಮೀಟರ್ ಮಾತ್ರ!

ರಿಪ್ ಆರಿಸುವಾಗ ಎರಡು ಪರೀಕ್ಷೆ ಮಾಡಿ. ಒಂದೇ ಶಾಯಿ ಬಟ್ಟೆಯ ಮೇಲೆ ಒಂದು ಬಗೆ, ಕಾಗದದ ಮೇಲೆ ಇನ್ನೊಂದು ಬಗೆ ಕಾಣುತ್ತದೆ. ನೀವು ಬಳಸುವ ಹಾಳೆಗೆ ತಕ್ಕ ಬಣ್ಣದ ಪ್ರೊಫೈಲ್ ಇದೆಯೇ ನೋಡಿ. ಬಳಿಕ ಒತ್ತಕ್ಷರಗಳಿರುವ ಕನ್ನಡ ಕಡತವೊಂದನ್ನು ಮುದ್ರಿಸಿ. ಫಾಂಟ್ ಕಡತದೊಳಗೆ ಅಡಕವಾಗಿರದಿದ್ದರೆ ಅಕ್ಷರಗಳು ಚೆಲ್ಲಾಪಿಲ್ಲಿಯಾಗಬಹುದು. ಅಂಥ ತಪ್ಪು ಅಂಗೈಯಗಲದ ತುಣುಕಿನಲ್ಲೇ ಗೊತ್ತಾದರೆ 60 ಚದರ ಅಡಿ ಹಾಳೆ ಉಳಿಯುತ್ತದೆ, ಅಲ್ಲವೇ?