ಬಂಡಿಗೊಂದು, ಮನೆಗೊಂದು

ಕ್ಯಾಂಪರ್‌ವ್ಯಾನಿನ ಎರಡನೇ ಬ್ಯಾಟರಿ ಎಲ್ಲಿಂದ ಬಂತು, ಅದನ್ನು ಬದಲಾಯಿಸುವುದು ಈಗ ಯಾಕೆ ಲೆಕ್ಕಾಚಾರದ ಕೆಲಸವಾಯಿತು?

ಬ್ರಿಟನ್ನಿನಲ್ಲಿ ರಜೆ ಬಂತೆಂದರೆ ಮನೆಯನ್ನೇ ಗಾಲಿಯ ಮೇಲಿಟ್ಟುಕೊಂಡು ಹೊರಡುವವರು ಬಹಳ. ಅವರ ಕ್ಯಾಂಪರ್‌ವ್ಯಾನಿನಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಬ್ಯಾಟರಿ ಇರುತ್ತವೆ. ಒಂದರ ಕೆಲಸ ಎಂಜಿನ್ ಶುರು ಮಾಡುವುದು, ಅಷ್ಟೇ. ಸೀಟಿನ ಅಡಿಯಲ್ಲೋ ಕಪಾಟಿನ ಮೂಲೆಯಲ್ಲೋ ಕೂತಿರುವ ಇನ್ನೊಂದು, ದೀಪ, ನೀರಿನ ಪಂಪು, ಫ್ರಿಜ್ಜು, ಹೀಟರುಗಳನ್ನು ನಡೆಸುತ್ತದೆ. ಅಲ್ಲಿನವರು ಅದನ್ನು ಲೀಶರ್ ಬ್ಯಾಟರಿ ಎನ್ನುತ್ತಾರೆ. ಕೆಲವು ವರ್ಷಕ್ಕೊಮ್ಮೆ ಅದು ಸೋಲುತ್ತದೆ. ಹಳೆಯದನ್ನು ತೆಗೆದು ಅದೇ ಅಳತೆಯ ಹೊಸದನ್ನು ಕೂರಿಸಿದರೆ ಮುಗಿಯಿತು ಎನ್ನುವ ಕಾಲವೊಂದಿತ್ತು. ಆ ಕಾಲ ಹೋಯಿತು. ಯಾಕೆಂದು ತಿಳಿಯಲು ಈ ಎರಡನೇ ಬ್ಯಾಟರಿ ವ್ಯಾನಿನೊಳಗೆ ಹೇಗೆ ಬಂತೆಂದು ನೋಡಬೇಕು.

ಒಂದೇ ಸೀಸ, ಎರಡು ಸ್ವಭಾವ

ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಸೀಸದ ಬ್ಯಾಟರಿಯನ್ನು ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಮಾಡಿದ್ದು 1859ರಲ್ಲಿ. 1881ರಲ್ಲಿ ಅದೇ ದೇಶದ ಕ್ಯಾಮಿಲ್ ಫೋರ್ ಪ್ಲೇಟುಗಳಿಗೆ ಸೀಸದ ಆಕ್ಸೈಡಿನ ಲೇಪ ಹಚ್ಚಿ ಅದರ ಸಾಮರ್ಥ್ಯ ಹೆಚ್ಚಿಸಿದರು. ಮೊದಮೊದಲು ಈ ಬ್ಯಾಟರಿ ಮಾಡುತ್ತಿದ್ದುದು ನಿಧಾನದ ಕೆಲಸ: ದೀಪ ಉರಿಸುವುದು, ವಿದ್ಯುತ್ ಗಾಡಿ ಓಡಿಸುವುದು.

ಪೆಟ್ರೋಲ್ ಕಾರುಗಳನ್ನು ಆಗ ಮುಂಭಾಗಕ್ಕೆ ಹ್ಯಾಂಡಲ್ ತೂರಿಸಿ ತಿರುಗಿಸಿ ಶುರು ಮಾಡಬೇಕಿತ್ತು. ಎಂಜಿನ್ ಹಿಂದಕ್ಕೆ ಒದ್ದರೆ ತಿರುಗಿಸುವವನ ಕೈ ಮುರಿಯುತ್ತಿತ್ತು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂದಾಗ ಹ್ಯಾಂಡಲಿನ ಕಾಟ ತಪ್ಪಿತು. ಅದರ ಮೋಟಾರು ಕೆಲವೇ ಕ್ಷಣ ದುಡಿದರೆ ಸಾಕು, ಆದರೆ ಆ ಕ್ಷಣಗಳಲ್ಲಿ ಅದಕ್ಕೆ ನೂರಾರು ಆಂಪಿಯರ್ ಬೇಕು. ಹೀಗಾಗಿ ಕಾರಿನ ಬ್ಯಾಟರಿಗೆ ತೆಳುವಾದ, ಹೆಚ್ಚು ಸಂಖ್ಯೆಯ ಪ್ಲೇಟುಗಳು ಬಂದವು. ಒಮ್ಮೆಲೇ ಸುರಿದುಕೊಟ್ಟು, ಎಂಜಿನ್ ಓಡುತ್ತಿದ್ದಂತೆ ಮತ್ತೆ ತುಂಬಿಕೊಳ್ಳುವುದು ಅದರ ರೂಢಿ. ರಾತ್ರಿಯಿಡೀ ಸ್ವಲ್ಪಸ್ವಲ್ಪವಾಗಿ ಬಸಿದರೆ ಆ ತೆಳು ಪ್ಲೇಟುಗಳು ಬೇಗ ಹಾಳಾಗುತ್ತವೆ.

ವ್ಯಾನಿನೊಳಗೆ ಮನೆ

1947ರಲ್ಲಿ ನೆದರ್‌ಲೆಂಡ್ಸ್‌ನ ಬೆನ್ ಪಾನ್ ಗೀಚಿದ ಒಂದು ರೇಖಾಚಿತ್ರದಿಂದ ಹುಟ್ಟಿದ ಫೋಕ್ಸ್‌ವ್ಯಾಗನ್ ವ್ಯಾನಿನ ತಯಾರಿಕೆ 1950ರಲ್ಲಿ ಶುರುವಾಯಿತು. ಮರುವರ್ಷವೇ ಜರ್ಮನಿಯ ವೆಸ್ಟ್‌ಫಾಲಿಯಾ ಕಂಪನಿ ಅದರೊಳಗೆ ಇಡಬಹುದಾದ ‘ಕ್ಯಾಂಪಿಂಗ್ ಬಾಕ್ಸ್’ ತಂದಿತು. ಹಗಲು ವ್ಯಾಪಾರದ ಗಾಡಿ, ರಜೆಯಲ್ಲಿ ಮನೆ. ಇಂಗ್ಲೆಂಡಿನಲ್ಲಿ ಡಾರ್ಮೊಬೈಲ್, ಡೆವನ್ ಹೆಸರಿನ ಕ್ಯಾಂಪರ್‌ಗಳು ಮನೆಮಾತಾದವು. ಆಗಿನ ಫೋಕ್ಸ್‌ವ್ಯಾಗನ್ ವ್ಯಾನಿನದು 6 ವೋಲ್ಟಿನ ಸಂಪರ್ಕ. ಅಡುಗೆಗೆ ಒಲೆ, ಹಾಲಿಗೆ ಮಂಜುಗಡ್ಡೆಯ ಪೆಟ್ಟಿಗೆ ಇದ್ದರೆ ಸಂಸಾರ ನಡೆಯುತ್ತಿತ್ತು. ರಾತ್ರಿ ಒಳಗಿನ ದೀಪ ಆರಿಸಲು ಮರೆತರೆ ಬೆಳಿಗ್ಗೆ ಗಾಡಿ ತಳ್ಳಬೇಕಿತ್ತು.

ಟ್ಯೂಬ್‌ಲೈಟು, ಪಂಪು, ಟೀವಿ ಒಂದೊಂದಾಗಿ ಒಳಸೇರಿದಂತೆ, ಒಂದೇ ಬ್ಯಾಟರಿಯಿಂದ ಎರಡೂ ಕೆಲಸ ಸಾಗದಾಯಿತು. ಮನೆಯ ಪಾಲಿಗೆ ದಪ್ಪ ಪ್ಲೇಟಿನ ಬೇರೆ ಬ್ಯಾಟರಿ ಬಂತು. ಎರಡರ ನಡುವೆ ಒಂದು ರಿಲೇ: ಎಂಜಿನ್ ಓಡುವಾಗ ಎರಡನ್ನೂ ಜೋಡಿಸಿ, ಎಂಜಿನ್ನಿನ ಬಲದಿಂದ ಕರೆಂಟು ಮಾಡುವ ಆಲ್ಟರ್ನೇಟರಿನಿಂದ ತುಂಬಿಸುತ್ತದೆ, ನಿಂತಾಗ ಬೇರ್ಪಡಿಸುತ್ತದೆ. ರಾತ್ರಿ ಎಷ್ಟು ಖರ್ಚು ಮಾಡಿದರೂ ಬೆಳಿಗ್ಗೆ ಗಾಡಿ ಹೊರಡುತ್ತದೆ.

ನಮ್ಮ ಮನೆಗಳಲ್ಲಿ ಕರೆಂಟು ಹೋದಾಗ ಕೈಹಿಡಿಯುವ ಯುಪಿಎಸ್ ಬ್ಯಾಟರಿಯೂ ಇದೇ ಜಾತಿಯದು. ನಿಧಾನವಾಗಿ, ಆಳಕ್ಕೆ ಖಾಲಿಯಾಗಿ ಮತ್ತೆ ತುಂಬಿಕೊಳ್ಳುವಂಥದ್ದು. ಎರಡರ ಕಾಯಿಲೆಯೂ ಒಂದೇ. ಸೀಸದ ಬ್ಯಾಟರಿ ಖಾಲಿಯಾಗುವಾಗ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ. ತಡಮಾಡದೆ ಚಾರ್ಜ್ ಮಾಡಿದರೆ ಅದು ಕರಗುತ್ತದೆ. ಹಾಗೇ ಬಿಟ್ಟರೆ ಗಟ್ಟಿ ಹರಳಾಗಿ, ಅಷ್ಟು ಜಾಗ ಶಾಶ್ವತವಾಗಿ ನಷ್ಟ. ಚಳಿಗಾಲವಿಡೀ ಅರ್ಧ ಚಾರ್ಜಿನಲ್ಲಿ ನಿಂತ ವ್ಯಾನಿನ ಬ್ಯಾಟರಿ ವಸಂತದಲ್ಲಿ ಕೈಕೊಡುವುದು ಇದರಿಂದಲೇ. ಅರ್ಧಕ್ಕಿಂತ ಹೆಚ್ಚು ಬಳಸಬಾರದು ಎಂಬ ನಿಯಮ ಹುಟ್ಟಿದ್ದೂ ಬಾಳಿಕೆಯ ಲೆಕ್ಕದಿಂದ. ಅಂದರೆ 100 ಆಂಪಿಯರ್-ಅವರ್ ಎಂದು ಬರೆದಿದ್ದರೂ ನಿಶ್ಚಿಂತೆಯಿಂದ ಬಳಸಲು ಸಿಗುವುದು 50. ವಿಶ್ರಾಂತಿಯಲ್ಲಿರುವ ಬ್ಯಾಟರಿ 12.7 ವೋಲ್ಟ್ ತೋರಿಸಿದರೆ ತುಂಬಿದೆ, 12.2 ತೋರಿಸಿದರೆ ಅರ್ಧಕ್ಕೆ ಇಳಿದಿದೆ.

ಆಮ್ಲವನ್ನು ಜೆಲ್ಲಿಯಂತೆ ಗಟ್ಟಿಮಾಡಿದ ಜೆಲ್ ಬ್ಯಾಟರಿ, ಗಾಜಿನ ನಾರಿನ ಹಾಸಿನಲ್ಲಿ ಹೀರಿಸಿದ ಎಜಿಎಂ ಬ್ಯಾಟರಿ ಬಂದ ಮೇಲೆ ಡಿಸ್ಟಿಲ್ಡ್ ವಾಟರ್ ತುಂಬುವ, ಆಮ್ಲ ಚೆಲ್ಲುವ ಚಿಂತೆ ಹೋಯಿತು. ಆದರೆ ಒಳಗಿದ್ದುದು ಅದೇ ಸೀಸ, ಅದೇ ಸಲ್ಫೇಟು.

ಲೆಕ್ಕ ತಪ್ಪಿಸಿದ ಎರಡು ಬದಲಾವಣೆ

ಮೊದಲನೆಯದು ಎಂಜಿನ್ನಿನ ಕಡೆಯಿಂದ ಬಂತು. ಯೂರೋ 6 ಮಾಲಿನ್ಯ ನಿಯಮದ ಕಾಲದ ವ್ಯಾನುಗಳಲ್ಲಿ ಇಂಧನ ಉಳಿಸಲು ‘ಸ್ಮಾರ್ಟ್’ ಆಲ್ಟರ್ನೇಟರ್ ಬಂತು. ಎಂಜಿನ್ ಬ್ಯಾಟರಿ ತುಂಬಿದೊಡನೆ ಅದು ವೋಲ್ಟೇಜ್ ಇಳಿಸುತ್ತದೆ. ಹಳೆಯ ರಿಲೇಯನ್ನು ನಂಬಿದ ಎರಡನೇ ಬ್ಯಾಟರಿ, ನೂರಾರು ಮೈಲಿ ಓಡಿದರೂ ಅರೆಹೊಟ್ಟೆಯಲ್ಲೇ ಉಳಿಯುತ್ತದೆ. ಇದಕ್ಕೆ ಪರಿಹಾರವಾಗಿ ಬಂದದ್ದು ಡಿಸಿ-ಡಿಸಿ ಚಾರ್ಜರ್. ಬರುವ ವೋಲ್ಟೇಜ್ ಏರಿಳಿದರೂ ಬ್ಯಾಟರಿಗೆ ಬೇಕಾದಷ್ಟನ್ನೇ ಅದು ಕೊಡುತ್ತದೆ.

ಎರಡನೆಯದು, ಅಂದರೆ ಲೀಥಿಯಂ ಬ್ಯಾಟರಿ, ಪ್ರಯೋಗಾಲಯದಿಂದ ಬಂತು. ಆಕ್ಸ್‌ಫರ್ಡಿನಲ್ಲಿದ್ದಾಗ ಲೀಥಿಯಂ ಕೋಬಾಲ್ಟ್ ಆಕ್ಸೈಡಿನ ಗುಣವನ್ನು ತೋರಿಸಿಕೊಟ್ಟಿದ್ದ ವಿಜ್ಞಾನಿ ಜಾನ್ ಗುಡಿನಫ್, ಮುಂದೆ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಅಗ್ಗದ ಕಬ್ಬಿಣದತ್ತ ತಿರುಗಿದರು. ಲೀಥಿಯಂ ಐರನ್ ಫಾಸ್ಫೇಟ್ ಕುರಿತ 1997ರ ಪ್ರಸಿದ್ಧ ಪ್ರಬಂಧದಲ್ಲಿ ಅವರ ಜೊತೆ ಇರುವ ಹೆಸರುಗಳು ಎ.ಕೆ. ಪಾಧಿ ಮತ್ತು ಕೆ.ಎಸ್. ನಂಜುಂಡಸ್ವಾಮಿ. ಗುಡಿನಫ್ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಹಂಚಿಕೊಂಡಾಗ ಅವರಿಗೆ 97 ವರ್ಷ. ಇಂದು ಕ್ಯಾಂಪರ್‌ವ್ಯಾನುಗಳಿಗೆ ಬರುತ್ತಿರುವ ಲೀಥಿಯಂ ಬ್ಯಾಟರಿ ಹೆಚ್ಚಾಗಿ ಈ ಫಾಸ್ಫೇಟ್ ಬಗೆಯದೇ. ಕೋಬಾಲ್ಟ್ ಬಗೆಯದಕ್ಕಿಂತ ಇದು ಬೆಂಕಿಗೆ ಅಷ್ಟು ಸುಲಭವಾಗಿ ತುತ್ತಾಗದು. 3.2 ವೋಲ್ಟಿನ ನಾಲ್ಕು ಸೆಲ್ ಸಾಲಾಗಿ ಜೋಡಿಸಿದರೆ 12.8 ವೋಲ್ಟ್. 100ರಲ್ಲಿ 80ರಿಂದ 90ರಷ್ಟನ್ನು ಧೈರ್ಯವಾಗಿ ಬಳಸಬಹುದು. 100 ಆಂಪಿಯರ್-ಅವರ್‌ನ ಸೀಸದ ಬ್ಯಾಟರಿ ಸುಮಾರು 25 ಕಿಲೋ ತೂಗಿದರೆ ಇದು ಅದರರ್ಧ. ಬ್ರಿಟನ್ನಿನ ಸಾಮಾನ್ಯ ಕಾರ್ ಲೈಸೆನ್ಸಿಗೆ 3,500 ಕಿಲೋದ ಮಿತಿ ಇರುವುದರಿಂದ, ಸಾಮಾನು ತುಂಬಿದ ವ್ಯಾನಿಗೆ ಈ ಉಳಿತಾಯ ದೊಡ್ಡದು.

ಆದರೆ ಸೊನ್ನೆ ಡಿಗ್ರಿಗಿಂತ ಕೆಳಗೆ ಈ ಬ್ಯಾಟರಿಯನ್ನು ಚಾರ್ಜ್ ಮಾಡುವಂತಿಲ್ಲ. ಒಳಗೆ ಲೀಥಿಯಂ ಲೋಹವಾಗಿ ಕೂತು ಸೆಲ್ಲು ಕೆಡುತ್ತದೆ. ತುಂಬಿದ್ದಾಗಲೂ ಬಹುಪಾಲು ಖಾಲಿಯಾದಾಗಲೂ ವೋಲ್ಟೇಜ್ ಹೆಚ್ಚುಕಡಿಮೆ ಒಂದೇ ತೋರಿಸುವುದರಿಂದ, ಒಳಹೋದ ಮತ್ತು ಹೊರಬಂದ ಕರೆಂಟನ್ನು ಎಣಿಸುವ ಮೀಟರ್ ಬೇಕು. ಸೀಸಕ್ಕೆಂದು ಮಾಡಿದ ಹಳೆಯ ಚಾರ್ಜರ್ ಇದಕ್ಕೆ ಹೊಂದದೇ ಇರಬಹುದು. ನೇರ ರಿಲೇಯಲ್ಲಿ ಜೋಡಿಸಿದರೆ ಅತಿಯಾಗಿ ಎಳೆದುಕೊಂಡು ಆಲ್ಟರ್ನೇಟರನ್ನೇ ಬಿಸಿಯೇರಿಸಬಹುದು.

ಕೊಳ್ಳುವ ಮುನ್ನ

ಬ್ರಿಟನ್ನಿನ ನ್ಯಾಷನಲ್ ಕ್ಯಾರವಾನ್ ಕೌನ್ಸಿಲ್ ಲೀಶರ್ ಬ್ಯಾಟರಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿದೆ: ಎ, ವಿದ್ಯುತ್ ಸಂಪರ್ಕವಿಲ್ಲದ ಕಡೆ ತಂಗುವವರಿಗೆ, ಬಿ, ಹೆಚ್ಚಾಗಿ ಸಂಪರ್ಕ ಇರುವ ಕಡೆ ತಂಗುವವರಿಗೆ, ಸಿ, ಅಲ್ಪ ಬಳಕೆಗೆ. ಈ ವಿಂಗಡಣೆ ಕೇಳುವುದು ನೀವು ಎಲ್ಲಿ ಮಲಗುತ್ತೀರಿ ಎಂದು. ಪ್ರಶ್ನೆ ಸರಿಯಾಗಿದೆ. ಕಂಪ್ರೆಸರ್ ಫ್ರಿಜ್ಜೊಂದೇ ದಿನಕ್ಕೆ 30ರಿಂದ 50 ಆಂಪಿಯರ್-ಅವರ್ ನುಂಗಬಲ್ಲದು.

ಕೆಲಸಕ್ಕೆ ಕೈಹಾಕುವಾಗ ಕ್ರಮವೂ ಮುಖ್ಯ. ಹೊರಗಿನ ವಿದ್ಯುತ್ ಮತ್ತು ಸೌರಫಲಕದ ಸಂಪರ್ಕ ಮೊದಲು ತಪ್ಪಿಸಬೇಕು. ನೆಗೆಟಿವ್ ತಂತಿ ಮೊದಲು ಬಿಚ್ಚಿ, ಕೊನೆಗೆ ಕಟ್ಟಬೇಕು. ಪಾಸಿಟಿವ್ ತುದಿಗೆ ಹತ್ತಿರದಲ್ಲೇ ಫ್ಯೂಸ್ ಇರಬೇಕು. ಆಮ್ಲದ ಬ್ಯಾಟರಿಯಾದರೆ ಹೈಡ್ರೋಜನ್ ಹೊರಹೋಗುವ ನಳಿಕೆ ಕೂರಿಸಲೇಬೇಕು. ಜೋಡಿ ಬ್ಯಾಟರಿಯಿದ್ದರೆ ಎರಡನ್ನೂ ಒಟ್ಟಿಗೇ ಬದಲಾಯಿಸಬೇಕು. ಇಲ್ಲವಾದರೆ ಹಳೆಯದು ಹೊಸದನ್ನೂ ತನ್ನ ಜೊತೆ ಕೆಳಗೆಳೆಯುತ್ತದೆ.

ಕ್ಯಾಂಪ್‌ಸೈಟಿನ ಪ್ಲಗ್ಗಿಗೆ ತಂತಿ ಚುಚ್ಚಿಯೇ ಮಲಗುವವರಿಗೆ ಒಂದು ಒಳ್ಳೆಯ ಸೀಸದ ಬ್ಯಾಟರಿ ಧಾರಾಳ ಸಾಕು. ದಿನಗಟ್ಟಲೆ ಕಾಡುಮೇಡಿನಲ್ಲಿ ನಿಲ್ಲುವವರು ಲೀಥಿಯಂ ಕೊಳ್ಳಲಿ, ಆದರೆ ಅದಕ್ಕೆ ತಕ್ಕ ಚಾರ್ಜರಿನ ಖರ್ಚನ್ನೂ ಸೇರಿಸಿಕೊಂಡೇ ಕೊಳ್ಳಲಿ. ತುಂಬಿಸುವ ದಾರಿ ಸರಿಯಿಲ್ಲದಿದ್ದರೆ ಎಷ್ಟು ದುಬಾರಿಯ ಬ್ಯಾಟರಿಯೂ ಹಳೆಯದರ ಗತಿಯನ್ನೇ ಕಾಣುತ್ತದೆ.