ಕೋಲಾರದ ಗಣಿಯಾಳದಲ್ಲಿ ದ್ರವ್ಯದ ಮೂಲದ ಶೋಧ

ವಿಶ್ವದಲ್ಲಿ ದ್ರವ್ಯ ಮಾತ್ರ ಉಳಿದು, ವಿರುದ್ಧ ವಿದ್ಯುದಂಶದ ಕಣಗಳಿಂದಾದ ಪ್ರತಿದ್ರವ್ಯ ಕಾಣದಾದುದೇಕೆ ಎಂಬ ಪ್ರಶ್ನೆಗೆ ಸಂಬಂಧಿಸಿದ ಒಂದು ಮಹತ್ವದ ಪರೀಕ್ಷೆ ಕರ್ನಾಟಕದಲ್ಲಿಯೇ, ಕೋಲಾರದ ಚಿನ್ನದ ಗಣಿಯ ಸುಮಾರು 2,300 ಮೀಟರ್ ಆಳದಲ್ಲಿ ನಡೆಯಿತು.

1981ರಲ್ಲಿ ಅಲನ್ ಗುತ್ ಮಂಡಿಸಿದ ಇನ್‌ಫ್ಲೇಶನ್ ಸಿದ್ಧಾಂತದ ಪ್ರಕಾರ ವಿಶ್ವವು ಆರಂಭದ ಅತ್ಯಲ್ಪ ಕ್ಷಣಾಂಶದಲ್ಲಿ ಅಗಾಧವಾಗಿ ಹಿಗ್ಗಿತು. ಅದಕ್ಕೂ ಮೊದಲು ದ್ರವ್ಯದ ಹೆಚ್ಚಳವೇನಾದರೂ ಇದ್ದಿದ್ದರೆ ಅದು ಈ ಹಿಗ್ಗಿನಲ್ಲಿ ತೆಳುವಾಗಿ ಇಲ್ಲವೆನ್ನುವಂತಾಗುತ್ತಿದ್ದುದರಿಂದ, ಇಂದಿನ ದ್ರವ್ಯವೆಲ್ಲ ಅನಂತರವೇ ಹುಟ್ಟಿರಬೇಕು. ಹಾಗೆ ಹುಟ್ಟಲು ಪ್ರೋಟಾನ್, ನ್ಯೂಟ್ರಾನ್‌ಗಳ ಒಟ್ಟು ಲೆಕ್ಕ ಬದಲಾಗುವಂತಿರಬೇಕೆಂದು ಆಂದ್ರೇ ಸಖರೋವ್ 1967ರಲ್ಲಿಯೇ ತೋರಿಸಿದ್ದರು. ಪ್ರಬಲ, ದುರ್ಬಲ ಮತ್ತು ವಿದ್ಯುತ್ಕಾಂತೀಯ ಬಲಗಳನ್ನು ಒಂದಾಗಿಸುವ ಮಹಾ ಏಕೀಕರಣ ಸಿದ್ಧಾಂತಗಳಲ್ಲಿ ಈ ಲೆಕ್ಕ ಬದಲಾಗುತ್ತದೆ, ಆದ್ದರಿಂದ ಪ್ರೋಟಾನ್ ಕೂಡ ಎಂದಾದರೊಮ್ಮೆ ಒಡೆಯಲೇಬೇಕು.

ಅದನ್ನೇ ಕಾಯಲು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಮತ್ತು ಜಪಾನಿನ ಒಸಾಕಾದ ವಿಜ್ಞಾನಿಗಳು ಕಬ್ಬಿಣದ ಫಲಕಗಳ ನಡುವೆ ಅನಿಲ ತುಂಬಿದ ಕೊಳವೆಗಳನ್ನು ಜೋಡಿಸಿದ 140 ಟನ್ ತೂಕದ ಶೋಧಕವನ್ನು 1980ರಲ್ಲಿ ಚಾಲನೆಗೊಳಿಸಿದರು, ಎಂ.ಜಿ.ಕೆ. ಮೆನನ್, ವಿ.ಎಸ್. ನರಸಿಂಹಂ ಅವರೊಂದಿಗೆ ನಂಜನಗೂಡಿನ ಬಿ.ವಿ. ಶ್ರೀಕಂಠನ್ ಕೂಡ ಅದರಲ್ಲಿದ್ದರು. ಅಷ್ಟು ಕಬ್ಬಿಣದಲ್ಲಿ ಸುಮಾರು ಎಂಟರ ಮುಂದೆ 31 ಸೊನ್ನೆಯಷ್ಟು ಪ್ರೋಟಾನ್, ನ್ಯೂಟ್ರಾನ್‌ಗಳಿರುವುದರಿಂದ, ಅವುಗಳ ಸರಾಸರಿ ಆಯಸ್ಸು ಒಂದರ ಮುಂದೆ 31 ಸೊನ್ನೆಯಷ್ಟು ವರ್ಷಗಳಾಗಿದ್ದರೆ ವರ್ಷಕ್ಕೆ ಕೆಲವು ಒಡೆತಗಳಾದರೂ ನಡೆಯಬೇಕಿತ್ತು. ಮೇಲಿನ ಬಂಡೆ ವಿಶ್ವಕಿರಣಗಳನ್ನು ತಡೆಯಿತಾದರೂ, ಬಂಡೆಯನ್ನೂ ಸಲೀಸಾಗಿ ಹಾದುಹೋಗುವ ನ್ಯೂಟ್ರಿನೋ ಕಣಗಳನ್ನು ತಡೆಯಲಾಗಲಿಲ್ಲ. 1965ರಲ್ಲಿ ಇಲ್ಲಿ ಪತ್ತೆಯಾಗಿ ಇದೇ ಗಣಿಗೆ ಕೀರ್ತಿ ತಂದ ವಾಯುಮಂಡಲದ ನ್ಯೂಟ್ರಿನೋಗಳೇ, ಒಡೆತವನ್ನು ಹೋಲುವ ಗುರುತು ಬಿಟ್ಟು, ಈಗ ತೊಡಕಾದವು. ಒಡೆತದಂತೆ ತೋರಿದ ಕೆಲವು ಘಟನೆಗಳು ವರದಿಯಾದರೂ, ಅಮೆರಿಕ ಮತ್ತು ಜಪಾನಿನ ದೊಡ್ಡ ಜಲಶೋಧಕಗಳು ಅವನ್ನು ದೃಢಪಡಿಸಲಿಲ್ಲ.

ಒಡೆತ ದೃಢಪಡದಿದ್ದರೂ ಏಕೀಕರಣದ ಕಲ್ಪನೆ ಉಳಿಯಲು ದಾರಿಯಿದೆ. ಪ್ರತಿಯೊಂದು ಕಣಕ್ಕೂ ಒಂದು ಜೊತೆಗಾರ ಕಣವಿದೆಯೆನ್ನುವ ಸೂಪರ್‌ಸಿಮೆಟ್ರಿಯನ್ನು ಸೇರಿಸಿದರೆ ಏಕೀಕರಣದ ಶಕ್ತಿಮಟ್ಟ ಮೇಲೇರಿ, ಕೋಲಾರದಲ್ಲಿ ನಿರೀಕ್ಷಿಸಿದ ಒಡೆತ ವಿರಳವಾಗುತ್ತದೆ. ಬದಲಿಗೆ ಪ್ರೋಟಾನ್, ಕೇಯಾನ್ ಎಂಬ ಕಣ ಮತ್ತು ನ್ಯೂಟ್ರಿನೋ ಆಗಿ ಒಡೆಯುವ ದಾರಿ ಮುಖ್ಯವಾಗುತ್ತದೆ. 1994ರಲ್ಲಿ ದ್ವಾಲಿ, ಶಫಿ ಮತ್ತು ಶೇಫರ್ ರೂಪಿಸಿದ ಮಾದರಿ ಇನ್ನೂ ಮುಂದೆ ಹೋಗಿ, ಏಕೀಕರಣ ಮುರಿದುಬೀಳುವ ಪ್ರಕ್ರಿಯೆಯೊಂದಿಗೇ ಹಿಗ್ಗುವಿಕೆಯನ್ನು ಬೆಸೆಯಿತು. ಇಂಥ ಮಾದರಿಗಳಲ್ಲಿ ವಿಶ್ವವನ್ನು ಹಿಗ್ಗಿಸಿದ ಕ್ಷೇತ್ರವು ಭಾರವಾದ ನ್ಯೂಟ್ರಿನೋಗಳಾಗಿ ಒಡೆದು, ಅವುಗಳಿಂದ ದ್ರವ್ಯದ ಕಿಂಚಿತ್ ಹೆಚ್ಚಳ ಉಂಟಾಗಬಹುದು. ಈ ಹೆಚ್ಚಳ ಎಷ್ಟು ಅಲ್ಪವೆಂದರೆ, ಅಳತೆಯ ಪ್ರಕಾರ ಸುಮಾರು 160 ಕೋಟಿ ಬೆಳಕಿನ ಕಣಗಳಿಗೆ ಒಂದೇ ಪ್ರೋಟಾನ್ ಅಥವಾ ನ್ಯೂಟ್ರಾನ್ ಉಳಿದಿದೆ.

ಗಣಿತದ ದೃಷ್ಟಿಯಿಂದ ಇದು ಸೊಗಸಾದ ಕಟ್ಟಡ. ಆದರೆ ಜಿನೀವಾದ ಬಳಿ ಕಣಗಳನ್ನು ಡಿಕ್ಕಿ ಹೊಡೆಸುವ ಎಲ್‌ಎಚ್‌ಸಿ ಯಂತ್ರದಲ್ಲಿ ಜೊತೆಗಾರ ಕಣ ಒಂದೂ ಸಿಕ್ಕಿಲ್ಲ, ಜಪಾನಿನ ಸೂಪರ್ ಕಾಮಿಯೋಕಾಂಡೆ ಶೋಧಕದಲ್ಲಿ ಪ್ರೋಟಾನ್ ಒಡೆದದ್ದು ಕಂಡಿಲ್ಲ. ಆದ್ದರಿಂದ ಈ ಮಾದರಿಗಳನ್ನು ಸದ್ಯಕ್ಕೆ ವಿಶ್ವದ ಇತಿಹಾಸವೆಂದಲ್ಲ, ಪರೀಕ್ಷೆಗೆ ಕಾದಿರುವ ಊಹೆಗಳೆಂದೇ ಓದಬೇಕು.