ಅಟ್ಟದ ಕಾವಲುಗಾರನ ಆರೋಗ್ಯ

ಹಸು ಒಂದು ಹೊತ್ತು ಮೇವು ಬಿಟ್ಟರೆ ಮನೆಮಂದಿಯೆಲ್ಲ ಗಾಬರಿಯಾಗುತ್ತೇವೆ. ಬೆಕ್ಕು ಎರಡು ದಿನ ಮೂಲೆ ಹಿಡಿದರೆ ಮಾತ್ರ, ತಾನೇ ಸರಿಯಾದೀತೆಂದು ಸುಮ್ಮನಿರುತ್ತೇವೆ. ಅಟ್ಟದ ಅಡಿಕೆ ಮೂಟೆಗಳನ್ನೂ ಕಾಫಿ ಚೀಲಗಳನ್ನೂ ಇಲಿಗಳಿಂದ ಕಾಯುವ ಈ ಸಂಬಳವಿಲ್ಲದ ಕಾವಲುಗಾರನ ಬಗ್ಗೆ ಇಷ್ಟು ಅಲಕ್ಷ್ಯ ಸಲ್ಲದು.

ಇದನ್ನು ನಾವು ಕಲಿತದ್ದು ಕಳೆದುಕೊಂಡ ಮೇಲೆ. ಕಳೆದ ಮಳೆಗಾಲದಲ್ಲಿ ನಮ್ಮ ಮನೆಯ ಗಂಡು ಬೆಕ್ಕು ಬೂದಿಗುಂಡಿಗೆ ಮತ್ತೆ ಮತ್ತೆ ಹೋಗಿ ತಿಣುಕುತ್ತಿತ್ತು. ಮಲಬದ್ಧತೆಯೆಂದು ಬಗೆದು ಹರಳೆಣ್ಣೆ ಕುಡಿಸಿದೆವು. ಮೂರನೆಯ ದಿನ ಅದು ಸತ್ತಿತು. ಕಟ್ಟಿದ್ದು ಮಲವಲ್ಲ, ಮೂತ್ರ ಎಂದು ಪಶುವೈದ್ಯರಿಂದ ತಿಳಿದದ್ದು ಆಮೇಲೆ. ಗಂಡು ಬೆಕ್ಕಿನ ಮೂತ್ರನಾಳ ಬಹಳ ಕಿರಿದು. ಅಲ್ಲಿ ಹರಳೋ ಲೋಳೆಯೋ ಸಿಕ್ಕಿಕೊಂಡರೆ ಒಂದೆರಡು ದಿನಗಳಲ್ಲೇ ಪ್ರಾಣಕ್ಕೆ ಕುತ್ತು. ಹಾಗೆ ತಿಣುಕುವುದನ್ನು ಕಂಡರೆ ಮನೆಮದ್ದಿಗೆ ಕೈಹಾಕದೆ ಅಂದೇ ವೈದ್ಯರಲ್ಲಿಗೆ ಒಯ್ಯಬೇಕು.

ಬೆಕ್ಕು ತನ್ನ ನೋವನ್ನು ಬಚ್ಚಿಡುವ ಪ್ರಾಣಿ. ಆದುದರಿಂದ ವಾರಕ್ಕೊಮ್ಮೆ, ಅದು ಮಡಿಲಲ್ಲಿ ಮಲಗಿರುವಾಗ, ಐದು ನಿಮಿಷ ಈ ಕೆಳಗಿನಂತೆ ಪರೀಕ್ಷಿಸುವುದು ಉತ್ತಮ.

ಉಸಿರು: ನಿದ್ದೆಯಲ್ಲಿರುವಾಗ ಪಕ್ಕೆ ಏರಿಳಿಯುವುದನ್ನು ಎಣಿಸಿರಿ. ನಿಮಿಷಕ್ಕೆ 16ರಿಂದ 30 ಸಲ ಸರಿ. ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ತಡಮಾಡಬಾರದು.

ಒಸಡು: ತುಟಿ ಎತ್ತಿ ನೋಡಿರಿ. ಗುಲಾಬಿ ಬಣ್ಣವಿರಬೇಕು. ಬಿಳಿಚಿದರೆ ರಕ್ತ ಕಡಿಮೆ, ಹಳದಿಯಾದರೆ ಕಾಮಾಲೆ, ನೀಲಿಯಾದರೆ ಉಸಿರಾಟಕ್ಕೇ ಸಂಚಕಾರ.

ನೀರಿನಂಶ: ಹೆಗಲಿನ ಮೇಲಿನ ಚರ್ಮವನ್ನು ಮೆಲ್ಲಗೆ ಎತ್ತಿ ಬಿಡಿರಿ. ತಟ್ಟನೆ ಕೂರದೆ ನಿಂತರೆ ಮೈಯಲ್ಲಿ ನೀರು ಬತ್ತಿದೆ ಎಂದರ್ಥ.

ಜ್ವರ: ಬೆಕ್ಕಿಗೆಂದೇ ಬೇರೆ ಥರ್ಮಾಮೀಟರ್ ಇಟ್ಟುಕೊಂಡು, ತುದಿಗೆ ತೆಂಗಿನೆಣ್ಣೆ ಸವರಿ ಗುದದಲ್ಲಿ ಇಟ್ಟು ನೋಡಬಹುದು. 100.5ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಸಹಜ. ನಮಗೆ ಜ್ವರವೆನಿಸುವುದು ಬೆಕ್ಕಿಗೆ ಜ್ವರವಲ್ಲ. ಒಪ್ಪದಿದ್ದರೆ ಬಲವಂತ ಬೇಡ.

ತೂಕ: ತಿಂಗಳಿಗೊಮ್ಮೆ ಬೆಕ್ಕನ್ನು ಚೀಲದಲ್ಲಿ ಕೂರಿಸಿ ಮನೆಯ ತಕ್ಕಡಿಯಲ್ಲೇ ತೂಗಿ, ಡೈರಿಯಲ್ಲಿ ಬರೆದಿಡಿರಿ. ಮೈಮೇಲೆ ರೋಮವಿರುವುದರಿಂದ ಇಳಿದ ತೂಕ ಕಣ್ಣಿಗೆ ಕಾಣುವುದಿಲ್ಲ.

ಇಡೀ ಒಂದು ದಿನ ಏನನ್ನೂ ತಿನ್ನದಿದ್ದರೆ ಅದನ್ನು ಕಾಯಿಲೆಯೆಂದೇ ಎಣಿಸಬೇಕು. ಉಪವಾಸ ಮುಂದುವರಿದರೆ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ತುಂಬಿ ಕೆಡುತ್ತದೆ.

ನಮ್ಮ ಮನೆಗಳಲ್ಲೇ ಇರುವ ಕೆಲವು ವಿಷಗಳ ಬಗ್ಗೆ ವಿಶೇಷ ಎಚ್ಚರ ಅಗತ್ಯ. ಜ್ವರಕ್ಕೆ ನಾವು ನುಂಗುವ ಪ್ಯಾರಾಸಿಟಮಾಲ್‌ನ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ನಾಯಿಯ ಉಣ್ಣೆಗೆ ಹಾಕುವ, ಪರ್ಮೆಥ್ರಿನ್ ಇರುವ ಔಷಧವನ್ನು ಬೆಕ್ಕಿಗೆ ಹಾಕಲೇಬಾರದು. ಫಿನಾಯಿಲ್ ಒರೆಸಿದ ನೆಲ ಒಣಗುವವರೆಗೆ ಅದನ್ನು ದೂರವಿಡಿರಿ. ಪಾದ ನೆಕ್ಕಿದರೆ ಹೊಟ್ಟೆಗೆ ಸೇರುತ್ತದೆ. ಇಲಿಪಾಷಾಣ ತಿಂದ ಇಲಿಯನ್ನು ತಿಂದ ಬೆಕ್ಕಿಗೂ ಅಪಾಯ ತಪ್ಪಿದ್ದಲ್ಲ. ಬೆಕ್ಕಿರುವ ಮನೆಯಲ್ಲಿ ಪಾಷಾಣಕ್ಕಿಂತ ಇಲಿಬೋನೇ ಮೇಲು.

ರೇಬಿಸ್ ಬೆಕ್ಕಿನಿಂದಲೂ ಬರುತ್ತದೆ. ಮರಿಗೆ ಮೂರು ತಿಂಗಳಾದಾಗ ಲಸಿಕೆ ಹಾಕಿಸಿ, ಮುಂದೆಯೂ ವೈದ್ಯರು ಹೇಳಿದಂತೆ ನಡೆಯಿರಿ. ಬೆಕ್ಕು ಕಚ್ಚಿದರೆ ಅಥವಾ ರಕ್ತ ಬರುವಂತೆ ಪರಚಿದರೆ ಗಾಯವನ್ನು ಸೋಪು ನೀರಿನಿಂದ 15 ನಿಮಿಷ ತೊಳೆದು, ಕೂಡಲೇ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದಿನ ಬಗ್ಗೆ ವಿಚಾರಿಸಬೇಕು.

ಬೆಕ್ಕು ಹೋದ ಮೇಲೆ ನಮ್ಮ ಅಟ್ಟದಲ್ಲಿ ಇಲಿ ಹರಿದ ಗೋಣಿಗಳನ್ನು ಹೊಲಿಯುತ್ತಾ ಕುಳಿತಾಗ ಅದರ ಬೆಲೆ ತಿಳಿಯಿತು. ಈಗ ಹೊಸ ಮರಿಯೊಂದು ಬಂದಿದೆ. ಅಡಿಕೆಯ ಲೆಕ್ಕ ಬರೆಯುವ ಡೈರಿಯ ಕೊನೆಯ ಪುಟದಲ್ಲಿ ಅದರ ತೂಕವನ್ನೂ ಬರೆಯುತ್ತಿದ್ದೇವೆ. ಸದಸ್ಯ ಬಂಧುಗಳೂ ಹೀಗೆಯೇ ಮಾಡಬೇಕೆಂದು ನಮ್ಮ ವಿನಂತಿ.